ಹಳಿ ಕಿತ್ತ ಮೇಲೆ ಉಳಿದ ದಾರಿ

ನನ್ನ ಮೊದಲ ನೌಕರಿ ತುರ್ವಿಹಾಳದಿಂದ ಒಳಗೆ ಹೋಗಬೇಕಾದ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ. ಎಂಬತ್ತರ ದಶಕದ ನಡುಭಾಗ ಅದು. ತುರ್ವಿಹಾಳದಲ್ಲಿ ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆ ಹಿಡಿದಿದ್ದೆ. ಅಲ್ಲಿಂದ ಸಿಂಧನೂರಿಗೆ ಬಸ್ಸುಗಳಿದ್ದವು, ನನ್ನ ಶಾಲೆಯ ಕಡೆಗೆ ಒಂದೂ ಇರಲಿಲ್ಲ. ಅದಕ್ಕೇ ಸಿಂಧನೂರಿನಿಂದ ಒಂದು ಹಳೆಯ ಲೇಡೀಸ್ ಸೈಕಲ್ ಕೊಂಡು ತಂದೆ. ಟ್ರೇನಿಂಗ್ ಓದುವಾಗ ಹಾಸ್ಟೆಲಿನ ಅಂಗಳದಲ್ಲಿ ಗೆಳತಿಯರ ಸೈಕಲ್ಲಿನ ಮೇಲೆ ಬಿದ್ದು ಎದ್ದು ಕಲಿತಿದ್ದು ಈಗ ಉಪಯೋಗಕ್ಕೆ ಬಂತು.

ಬೇಸಿಗೆ ಮುಗಿಯುವವರೆಗೆ ಏನೂ ತೊಂದರೆಯಾಗಲಿಲ್ಲ. ಮಳೆ ಬಿದ್ದ ಮೇಲೆ ಎರೆಮಣ್ಣು ತನ್ನ ಗುಣ ತೋರಿಸಿತು. ಬಂಡಿದಾರಿಯ ಮಣ್ಣು ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಿಡಿದುಕೊಂಡರೆ ಸೈಕಲ್ಲು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕಡ್ಡಿಯಿಂದ ಕೆದರಬೇಕು, ನಾಲ್ಕು ಮಾರು ತಳ್ಳಬೇಕು, ಮತ್ತೆ ಕೆದರಬೇಕು. ಒಂದು ಮುಂಜಾನೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೀಗೆ ಕೆದರುತ್ತಾ ನಿಂತಿದ್ದಾಗ ನಾಟಿಗೆ ಹೊರಟ ಹೆಂಗಸರು ಬಂದರು. ಅವರಲ್ಲಿ ಹಿರಿಯಳೊಬ್ಬಳು ಹೊಲಗಳ ನಡುವೆ ಉದ್ದಕ್ಕೆ ಮಲಗಿದ್ದ ಒಂದು ತಗ್ಗು ದಿಬ್ಬವನ್ನು ತೋರಿಸಿದಳು.

"ಪಟರಿ ಮ್ಯಾಲೆ ಹೋಗ್ರಿ ಅಕ್ಕೋರ. ಅಲ್ಲಿ ಗರಸು ಹಾಕ್ಯಾರ, ಗಾಲಿ ಹುಗಿಯಂಗಿಲ್ಲ."

ಆ ದಿಬ್ಬವನ್ನು ನಾನು ದಿನವೂ ನೋಡುತ್ತಿದ್ದೆ. ಯಾರದೋ ಹೊಲದ ಒಡ್ಡು ಎಂದುಕೊಂಡಿದ್ದೆ. ಹತ್ತಿ ನೋಡಿದರೆ ಅದು ಬಾಣ ಬಿಟ್ಟ ಹಾಗೆ ನೇರವಾಗಿ ಹೋಗುವ ದಾರಿ. ಅಗಲ ಹೆಚ್ಚಿಲ್ಲ, ಒಂದು ಬಂಡಿ ಹೋದರೆ ಎದುರಿಗೆ ಬಂದವರು ಕೆಳಗಿಳಿಯಬೇಕು. ಮೇಲೆ ಸಣ್ಣ ಕಲ್ಲು ಬೆರೆತ ಕೆಂಪು ಗರಸು ಮಣ್ಣು, ಮಳೆ ನಿಂತ ಅರ್ಧ ಗಳಿಗೆಯಲ್ಲೇ ಒಣಗುತ್ತಿತ್ತು. ಎರಡೂ ಬದಿ ನೀರು ತುಂಬಿದ ಗದ್ದೆಗಳು. ಅವತ್ತು ಕಾಲಿಗೆ ಕೆಸರಿಲ್ಲದೆ ಶಾಲೆ ತಲುಪಿದೆ.

ಮುಖ್ಯೋಪಾಧ್ಯಾಯರನ್ನು ಕೇಳಿದಾಗ ವಿಷಯ ತಿಳಿಯಿತು. ಎಡದಂಡೆ ಕಾಲುವೆ ಕಟ್ಟುವ ಕಾಲಕ್ಕೆ ಮಸ್ಕಿ ಕಡೆಯ ಒಂದು ಗುಡ್ಡದಿಂದ ಕಲ್ಲು ತರಲು ಸಣ್ಣ ಹಳಿ ಹಾಕಿದ್ದರಂತೆ. ಎಂಜಿನ್ ಇರಲಿಲ್ಲ. ಕಬ್ಬಿಣದ ಡಬ್ಬಿಗಳಲ್ಲಿ ಕಲ್ಲು ತುಂಬಿದರೆ ಇಳಿಜಾರಿನಲ್ಲಿ ತಾವೇ ಕಾಲುವೆಯವರೆಗೆ ಉರುಳಿ ಬರುತ್ತಿದ್ದವು. ಖಾಲಿ ಡಬ್ಬಿಗಳನ್ನು ಆಳುಗಳು ಮತ್ತೆ ಗುಡ್ಡಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಹಳಿ ಕಿತ್ತು ಒಯ್ದರು. ಉಳಿದದ್ದು ಹಳಿ ಮಲಗಿದ್ದ ಕಟ್ಟೆ, ಮತ್ತು ಹಳಿ ಎಂಬರ್ಥದ ಪಟರಿ ಎಂಬ ಹೆಸರು. ನಮ್ಮ ಶಾಲೆಯಲ್ಲಿ ಗಂಟೆಯೆಂದು ಬಡಿಯುತ್ತಿದ್ದ ಕಬ್ಬಿಣದ ತುಂಡು ಅದೇ ಹಳಿಯದು ಎಂದು ಅವರು ಹೇಳಿದಾಗ ನಾನು ಎದ್ದು ಹೋಗಿ ಅದನ್ನು ಮುಟ್ಟಿ ನೋಡಿದೆ.

ಅಲ್ಲಿಂದ ನನಗೊಂದು ಹುಚ್ಚು ಹತ್ತಿತು. ರವಿವಾರ ಬಂದರೆ ಬುತ್ತಿ ಕಟ್ಟಿಕೊಂಡು ಪಟರಿ ಹಿಡಿದು ಹೊರಡುವುದು. ಸೈಕಲ್ ಹೋಗುವಷ್ಟು ದೂರ ಸೈಕಲ್, ಆಮೇಲೆ ಅದನ್ನು ಯಾರದಾದರೂ ಪಂಪಿನ ಕೋಣೆಗೆ ಆನಿಸಿ ನಡಿಗೆ. ಒಂಟಿ ಹೆಣ್ಣು ಹೀಗೆ ತಿರುಗುವುದು ಆಗಿನ ಕಾಲಕ್ಕೆ ಮಾತಿಗೆ ಗುರಿಯಾಗುವಂಥದ್ದೇ. ಡಾಂಬರು ರಸ್ತೆಯಲ್ಲಿ ಹೋದರೆ ಲಾರಿಯವರು ಹಾರ್ನು ಬಡಿಯುತ್ತಿದ್ದರು, ಹುಡುಗರು ಹಿಂದೆ ಬರುತ್ತಿದ್ದರು. ಪಟರಿಯ ಮೇಲೆ ಸಿಗುತ್ತಿದ್ದವರು ಹುಲ್ಲು ಹೊತ್ತ ಹೆಂಗಸರು, ಕುರಿ ಕಾಯುವವರು, ಗದ್ದೆಗೆ ನೀರು ತಿರುವುವವರು. ಅವರು ಯಾವೂರು, ಯಾರ ಮಗಳು ಎಂದು ಒಮ್ಮೆ ಕೇಳಿ ಸುಮ್ಮನಾಗುತ್ತಿದ್ದರು. ಮುಂದಿನ ಸಲ ಗುರುತು ಹಿಡಿದು ನೀರು ಕೊಡುತ್ತಿದ್ದರು.

ಈ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದು ಚಪ್ಪಟೆ ನೆಲ. ಪಟರಿಯ ಮೇಲೆ ಪೆಡಲ್ ತುಳಿಯುವಾಗ ಮಾತ್ರ ನೆಲ ಮಸ್ಕಿ ಕಡೆಗೆ ಸಣ್ಣಗೆ ಏರುತ್ತಿದೆ ಎಂದು ತೊಡೆಗಳಿಗೆ ಗೊತ್ತಾಗುತ್ತಿತ್ತು. ಹಳ್ಳ ದಾಟುವ ಕಡೆ ಸುಣ್ಣಗಾರೆ ಹಾಕದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಒಂದು ಮೋರಿ ಇತ್ತು. ಅದರ ನೆರಳಿನಲ್ಲಿ ಕೂತರೆ ಮಧ್ಯಾಹ್ನವೂ ತಂಪು. ಅದರ ಆಚೆಗೆ ನೀರಾವರಿ ನಿಲ್ಲುತ್ತಿತ್ತು. ಹಸಿರು ಒಮ್ಮೆಲೇ ಮುಗಿದು ಸಜ್ಜೆ, ತೊಗರಿ, ಬೀಳು ಹೊಲ, ಜಾಲಿಗಿಡ. ನಾನು ಹುಟ್ಟಿ ಬೆಳೆದ ಲಿಂಗಸುಗೂರಿನ ಕಡೆಯ ನೆಲದ ಬಣ್ಣ ಅಲ್ಲಿಂದ ಶುರುವಾಗುತ್ತಿತ್ತು. ಆ ಗೆರೆಯ ಮೇಲೆ ನಿಂತು ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡುವುದು ನನಗೆ ಇಷ್ಟ.

ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಆ ಮೋರಿ ಇನ್ನೂ ಐತೇನು ಎಂದು ಕೇಳಿದಳು. ಯಾವ ಮೋರಿ ಎಂದೆ.

"ಅದ, ಹಳ್ಳದ ಮ್ಯಾಲಿಂದು. ಮಳಿಗೆ ಕುಸಿದಾಗ ಮತ್ತ ಕಟ್ಟಾಕ ಕಲ್ಲು ನಾನೂ ಹೊತ್ತೀನಿ."

ನನಗೆ ಇಪ್ಪತ್ತು ದಾಟಿತ್ತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಅಪ್ಪ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೊಪ್ಪಿಗೆ, ಸೊಲ್ಲು ಕಡಿಮೆ. ಅವನು ಅದಕ್ಕೂ ಮುಂಚೆ ಏನೋ ಆಗಿದ್ದಿರಬಹುದು ಎಂದು ನಾವು ಮಕ್ಕಳು ಯೋಚಿಸಿಯೇ ಇರಲಿಲ್ಲ. ಆ ಹೊತ್ತಿಗೆ ಅವನು ಅಂಗಳದಲ್ಲೇ ಕೂತಿದ್ದ. ಅವ್ವನ ಮಾತು ಕೇಳಿಸಿರಬೇಕು. "ಅದೆಲ್ಲ ಈಗ್ಯಾಕ" ಎಂದಷ್ಟೇ ಹೇಳಿ ಎದ್ದುಹೋದ.

ಆ ಚಳಿಗಾಲ ಅವ್ವ ಒಬ್ಬಳೇ ತುರ್ವಿಹಾಳಕ್ಕೆ ಬಂದಳು. ಮಗಳ ಅಡಿಗೆ ಮನೆ ನೋಡಲು ಎಂದು ಹೇಳಿ ಬಂದಿದ್ದಳು, ಅಡಿಗೆ ಮನೆಯನ್ನು ನೋಡಲೇ ಇಲ್ಲ. ಮರುದಿನ ಮುಂಜಾನೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಇಬ್ಬರೂ ಹೊರಟೆವು. ಸೈಕಲ್ಲಿನ ಹಿಂದೆ ಕೂರಲು ಅವಳು ಒಪ್ಪಲಿಲ್ಲ. ಬಿದ್ದರೆ ಇಬ್ಬರೂ ಬೀಳುತ್ತೇವೆ, ನಡೆದರೆ ಒಬ್ಬಳಾದರೂ ಎತ್ತಲು ಇರುತ್ತಾಳೆ ಎಂಬುದು ಅವಳ ತರ್ಕ. ಬುತ್ತಿ ಮತ್ತು ನೀರಿನ ಕ್ಯಾನು ಕ್ಯಾರಿಯರ್ ಮೇಲೆ ಕೂತವು, ನಾವು ಎರಡೂ ಬದಿ ನಡೆದೆವು.

ಶಾಲೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಪಟರಿ ಇದ್ದಕ್ಕಿದ್ದಂತೆ ಮುಗಿಯಿತು. ಮೂರು ತಿಂಗಳ ಹಿಂದೆ ಅಲ್ಲಿ ಸೈಕಲ್ ಮೇಲೆ ಹೋಗಿದ್ದೆ, ಆಮೇಲೆ ಶಾಲೆಯಿಂದ ಆಚೆಗೆ ಬರಲಾಗಿರಲಿಲ್ಲ. ಈಗ ಕಟ್ಟೆಯನ್ನು ಕೆಡವಿ, ಗರಸು ಸಾಗಿಸಿ, ನೆಲ ಮಟ್ಟ ಮಾಡಿ ಭತ್ತ ಹಚ್ಚಿದ್ದರು. ಅದು ಆಂಧ್ರದಿಂದ ಬಂದು ಕ್ಯಾಂಪು ಎನ್ನುವ ವಲಸಿಗರ ಊರಿನಲ್ಲಿ ನೆಲೆಸಿದ್ದ ಒಬ್ಬ ರೈತನ ಗದ್ದೆ. ಅವನ ಹೆಂಡತಿ ಬದುವಿನ ಮೇಲೆ ಕಳೆ ಕೀಳುತ್ತಿದ್ದಳು. ದಾರಿ ಎಲ್ಲಿ ಹೋಯಿತು ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಆಕೆ ತೆಲುಗು ಬೆರೆತ ಕನ್ನಡದಲ್ಲಿ, ಈ ಕಡೆ ಆ ಕಡೆ ಎರಡೂ ನಮ್ಮದೇ ಗದ್ದೆ, ನಡುವಿನ ಕಟ್ಟೆಯಿಂದ ನೀರು ಹತ್ತುತ್ತಿರಲಿಲ್ಲ ಎಂದಳು. ನನ್ನ ಮುಖ ನೋಡಿ, ಬದುವಿನ ಮೇಲೆ ನಡೆಯಿರಿ, ಯಾರೂ ಏನೂ ಅನ್ನುವುದಿಲ್ಲ ಎಂದೂ ಸೇರಿಸಿದಳು. ಆಮೇಲೆ ಗುಡಿಸಲಿಗೆ ಹೋಗಿ ಮಜ್ಜಿಗೆ ತಂದಳು.

ಅವ್ವ ಮಜ್ಜಿಗೆ ಕುಡಿಯುತ್ತಾ ಆಕೆಯ ಜೊತೆ ಮಾತಿಗಿಳಿದಳು. ಯಾವ ಊರಿಂದ ಬಂದಿರಿ, ಮಕ್ಕಳೆಷ್ಟು, ಈ ಮಣ್ಣಿನಲ್ಲಿ ಮೊದಲ ವರ್ಷ ಭತ್ತ ಹೇಗೆ ಬಂತು. ಕಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದೆ ನಡೆದ ಮೇಲೆ ನಾನೇ ಕೇಳಿದೆ, ನೀವು ಕಲ್ಲು ಹೊತ್ತ ದಾರಿಯನ್ನು ಕೆಡವಿದ್ದಾರೆ, ನಿನಗೇನೂ ಅನಿಸುವುದಿಲ್ಲವೇ ಎಂದು.

"ಏನನಿಸ್ಬೇಕು? ನೀರು ಬರ್ಲಿ ಅಂತ ಹೊತ್ತೀವಿ. ನೀರು ಬಂದೈತಿ."

ನನಗೆ ಆ ಉತ್ತರ ಆಗ ಒಗ್ಗಲಿಲ್ಲ. ದಾರಿ ನನ್ನದು ಎಂಬ ಭಾವ ಒಳಗೆ ಬೇರು ಬಿಟ್ಟಿತ್ತು. ಅವಳಿಗೆ ಅದು ಒಂದು ಕೆಲಸ, ಮಾಡಿ ಮುಗಿಸಿದ ಕೆಲಸ.

ಮೋರಿಯ ನೆರಳಿನಲ್ಲಿ ಕೂತು ಉಂಡೆವು. ಅಲ್ಲಿ ಅವಳು ತನ್ನ ಕತೆ ಹೇಳಿದಳು. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಮುದಗಲ್ ಕಡೆಯ ಹಳ್ಳಿಯಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಕಾಲುವೆಯ ಕೆಲಸಕ್ಕೆ ಹೋಗಿದ್ದ. ಅತ್ತೆ ಬಿರುಸು. ದುಡಿಸಿಕೊಳ್ಳುವುದಕ್ಕೆ ಅವ್ವ ಬೇಸರಪಡಲಿಲ್ಲ, ಉಣ್ಣುವಾಗ ಎಣಿಸುವುದನ್ನು ಸಹಿಸಲಿಲ್ಲ. ಒಂದು ಮುಂಜಾನೆ ನೀರಿಗೆಂದು ಹೋದವಳು ಕೊಡವನ್ನು ಬಾವಿಯ ಕಟ್ಟೆಯ ಮೇಲಿಟ್ಟು ಹಾಗೇ ನಡೆದುಬಿಟ್ಟಳು. ಹದಿನಾರೋ ಹದಿನೇಳೋ ವಯಸ್ಸು. ಕಾಲುವೆ ಅಗಿಯುವಲ್ಲಿಗೆ ಯಾವ ದಾರಿ ಎಂದು ಕೇಳುತ್ತಾ, ಒಂದು ರಾತ್ರಿ ಯಾರದೋ ಹಟ್ಟಿಯಲ್ಲಿ ಮಲಗಿ, ಕಾಲುವೆಗೆ ಬಂದು ಮುಟ್ಟಿದಳು. ಅಲ್ಲಿದ್ದವರು ನಿನ್ನ ಗಂಡ ಗುಡ್ಡದಲ್ಲಿ ಇರುತ್ತಾನೆ, ಈ ಹಳಿ ಹಿಡಿದು ಹೋಗು ಎಂದರು.

"ಹಳಿ ನಡುವ ನಡದೆ. ಗುಡ್ಡದ ಬುಡದ ಇಳಿಜಾರಿನ್ಯಾಗ ಮ್ಯಾಲಿಂದ ಕಲ್ಲು ತುಂಬಿದ ಡಬ್ಬಿ ಬಂತು. ಅದರ ಮ್ಯಾಲೆ ನಿಮ್ಮಪ್ಪ ಇದ್ದ. ನನ್ನ ನೋಡಿದ. ನೋಡಿ ಮಾರಿ ತಿರುವಿಕೊಂಡು ಹೋಗಿಬಿಟ್ಟ."

ಹೊತ್ತು ಇಳಿದ ಮೇಲೆ ಖಾಲಿ ಡಬ್ಬಿ ತಳ್ಳಿಕೊಂಡು ಬಂದವರಲ್ಲಿ ಅಪ್ಪನೂ ಇದ್ದನಂತೆ. ಕೂಡು ಎಂದ, ಇವಳು ಕೂತಳು, ಗುಡ್ಡದವರೆಗೆ ತಳ್ಳಿಕೊಂಡು ಹೋದರು. ಅಲ್ಲಿ ಎರಡು ವರ್ಷ ಒಂದು ತಟ್ಟಿಯ ಗುಡಿಸಲಿನಲ್ಲಿ ಬಾಳ್ವೆ ಮಾಡಿದರು. ಒಳ್ಳೆಯ ದಿನಗಳು ಎಂದಳು. ಆದರೆ ಹೇಳುವಾಗ ಅವಳ ಮಾತು ಮತ್ತೆ ಮತ್ತೆ ಆ ಇಳಿಜಾರಿಗೇ ಹೋಗುತ್ತಿತ್ತು. ಮಂದಿಯ ಮುಂದೆ ಓಡಿಬಂದ ಹೆಂಡತಿಯನ್ನು ಗುರುತಿಸಲು ನಾಚಿ ಅವನು ಮುಖ ತಿರುಗಿಸಿರಬೇಕು ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಅದನ್ನು ಕೇಳಿದ್ದೀಯಾ ಎಂದೆ. ಕೇಳುವುದು ಏನಿದೆ, ಕಣ್ಣಾರೆ ಕಂಡಿದ್ದೇನೆ ಎಂದಳು. ಅವತ್ತು ಬಿಸಿಲು ಜಾಸ್ತಿಯಾಯಿತೆಂದು ಗುಡ್ಡದವರೆಗೆ ಹೋಗದೆ ಮರಳಿದೆವು.

ಊರಿಗೆ ಹೋಗಿ ಅವ್ವ ಅಪ್ಪನಿಗೆ ಏನು ಹೇಳಿದಳೋ ಗೊತ್ತಿಲ್ಲ. ಯುಗಾದಿಗೆ ಸ್ವಲ್ಪ ಮುಂಚೆ ಒಂದು ರವಿವಾರ ಮುಂಜಾನೆ ನನ್ನ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬಿಳಿ ಟೊಪ್ಪಿಗೆಯ ಅಪ್ಪ, ಹಿಂದೆ ಬುತ್ತಿಗಂಟು ಹಿಡಿದ ಅವ್ವ. ಹಿಂದಿನ ದಿನ ಸಿಂಧನೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ಮೊದಲ ಬಸ್ಸಿಗೆ ಬಂದಿದ್ದರು. ಅಪ್ಪ ಒಳಗೂ ಬರಲಿಲ್ಲ.

"ಎಲ್ಲೈತಿ ಆ ಪಟರಿ? ಬಿಸಿಲು ಏರೂಕಿಂತ ಮೊದ್ಲ ಹೋಗೋಣ ನಡಿ."

ಗದ್ದೆಯ ಹೆಂಗಸು ಈ ಸಲ ದೂರದಿಂದಲೇ ಕೈಯೆತ್ತಿದಳು. ಅವ್ವ ಅವಳಿಗೆಂದು ಶೇಂಗಾ ಹೋಳಿಗೆ ತಂದಿದ್ದಳು. ಅಪ್ಪ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದ. ಮೋರಿಯ ಹತ್ತಿರ ಒಮ್ಮೆ ಬಗ್ಗಿ ಕಲ್ಲುಗಳನ್ನು ನೋಡಿದ, ಮತ್ತೆ ನಡೆದ. ಬೀಳು ಹೊಲಗಳು ಮುಗಿದ ಮೇಲೆ ನೆಲ ಏರತೊಡಗಿತು. ಗುಡ್ಡದ ಬುಡದ ಒಂದು ದಿನ್ನೆಯನ್ನು ಸೀಳಿ ಹಳಿಗೆ ದಾರಿ ಮಾಡಿದ್ದರು. ಎರಡೂ ಬದಿ ಆಳೆತ್ತರದ ಕಲ್ಲುಗೋಡೆ, ನಡುವೆ ಇಳಿಜಾರು. ನಾನು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಸೈಕಲ್ಲನ್ನು ಒಂದು ಜಾಲಿಗಿಡಕ್ಕೆ ಆನಿಸಿ ಮೇಲೆ ಬಂದಾಗ ಅವ್ವ ಆ ಇಳಿಜಾರಿನ ಬಾಯಿಯಲ್ಲಿ ನಿಂತುಬಿಟ್ಟಿದ್ದಳು.

"ಇಲ್ಲೇ ನಾ ನಿಂತಿದ್ದು," ಎಂದಳು. ನನಗಲ್ಲ, ಅಪ್ಪನಿಗೆ. "ನೀ ನೋಡಿದಿ. ನೋಡಿ ಮಾರಿ ತಿರುವಿದಿ."

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತು ಮೇಲಿನಿಂದ ಕೆಳಗಿನವರೆಗೆ ಇಳಿಜಾರನ್ನು ನೋಡಿದ. ಜಗಳವಾಗುತ್ತದೇನೋ ಎಂದು ನಾನು ಹೆದರಿದೆ.

"ಮಾರಿ ತಿರುವಲಿಲ್ಲ," ಎಂದ. "ಬ್ರೇಕಿನ ಕಟ್ಟಿಗಿ ನನ್ನ ಕೈಯಾಗಿತ್ತು. ಗಾಲಿಗೆ ಒತ್ತಿ ಹಿಡೀಬೇಕಿತ್ತು ಅದನ್ನ. ಕೆಳಗ ಮೋರಿ ಹತ್ರ ಮಂದಿ ಕುಂತು ಉಣ್ಣಾಕತ್ತಿದ್ರು. ನಿನ್ನ ನೋಡಕೊಂತ ಕೈ ಬಿಟ್ಟಿದ್ರ ಡಬ್ಬಿ ಅವರ ಮ್ಯಾಲೆ ಹೋಗ್ತಿತ್ತು."

ಅವನು ಎರಡೂ ಕೈ ಮುಂದೆ ಚಾಚಿ, ಮೈ ಹಿಂದಕ್ಕೆ ಎಳೆದು, ಹೇಗೆ ಹಿಡಿಯಬೇಕಿತ್ತೆಂದು ತೋರಿಸಿದ. ಇಸ್ತ್ರಿ ಮಾಡಿದ ಅಂಗಿಯೊಳಗೆ ಅವನ ಹೆಗಲುಗಳು ಗಟ್ಟಿಯಾದವು. ಅಂಥ ಹೆಗಲುಗಳು ಅವನಿಗೆ ಇದ್ದವೆಂದು ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಚಹಾದ ತಟ್ಟೆ ಹಿಡಿದು ನಿಲ್ಲುವ ಅಪ್ಪನನ್ನಷ್ಟೇ ನಾನು ಕಂಡಿದ್ದೆ.

ಅವ್ವ ಬಿಡಲಿಲ್ಲ. ಒಂದು ಮಾತಾದರೂ ಕೂಗಬೇಕಿತ್ತು ಎಂದಳು.

"ಕೂಗಿದೆ."

"ನನಗ ಕೇಳಿಸಲಿಲ್ಲ."

"ಗಾಲಿ ಸಪ್ಪಳದಾಗ ಹೆಂಗ ಕೇಳಿಸ್ಬೇಕು?"

ಅವ್ವ ಕೆಳಗೆ, ಮೋರಿಯ ಕಡೆಗೆ, ನೋಡಿದಳು. ಅಲ್ಲಿಂದ ಅದು ಸರಿಯಾಗಿ ಕಾಣುತ್ತಿತ್ತು. ಹಳಿ ಇದ್ದಿದ್ದರೆ ಡಬ್ಬಿ ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು ಎಂಬುದು ನನಗೂ ಕಂಡಿತು, ಅವಳಿಗೂ ಕಂಡಿರಬೇಕು.

"ಇಷ್ಟು ವರ್ಷ ಇದನ್ನ ಹೇಳಲಿಲ್ಲಲ್ಲ ನೀ."

"ನೀ ಕೇಳಲಿಲ್ಲ. ನಿನಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

"ಏನಂತ ಕೂಗಿದಿ?"

ಅಪ್ಪ ನೆನಪು ಮಾಡಿಕೊಂಡ. ಅವನು ಸುಳ್ಳು ಹೇಳಬಹುದಿತ್ತು, ಆ ಗಳಿಗೆಗೆ ಒಪ್ಪುವ ಏನಾದರೊಂದು ಮಾತು ಹುಟ್ಟಿಸಬಹುದಿತ್ತು.

"ಬಾಜೂಕ ಸರಿ ಅಂತ," ಎಂದ.

ಅವ್ವ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು. ನಕ್ಕು ನಕ್ಕು ಕಲ್ಲಿನ ಗೋಡೆಗೆ ಕೈ ಕೊಟ್ಟು ಕೂತಳು. ಅಪ್ಪ ಸ್ವಲ್ಪ ಹೊತ್ತು ಗಂಭೀರವಾಗಿಯೇ ನಿಂತಿದ್ದ, ಆಮೇಲೆ ಅವನ ಮೀಸೆಯೂ ಅಲುಗಿತು. ಸರಿದೆಯೋ ಇಲ್ಲವೋ ಎಂದು ಕೇಳಿದ. ಸರಿಯದೆ ಏನು, ಸಾಯಲಿಕ್ಕೆ ಬಂದಿದ್ದೆನೇ ಎಂದಳು ಅವ್ವ.

ಅಲ್ಲಿಂದ ಗುಡ್ಡದವರೆಗೆ ಅವರಿಬ್ಬರೂ ಜೊತೆಗೆ ನಡೆದರು, ನಾನು ಹಿಂದೆ ಉಳಿದೆ. ಗುಡ್ಡದ ಅರ್ಧ ಮೈ ಕಾಲುವೆಗೆ ಹೋಗಿತ್ತು. ಉಳಿದ ಬಂಡೆಯ ಮೇಲೆ ಉಳಿ ಹೊಡೆದ ಗುಳಿಗಳು ಸಾಲಾಗಿ ಇದ್ದವು. ಯಾವುದು ಅಪ್ಪನ ಕೈಯದೆಂದು ಕೇಳಿದೆ, ಅದು ಹೇಗೆ ಗೊತ್ತಾಗಬೇಕು ಎಂದ. ಗುಡಿಸಲು ಎಲ್ಲಿತ್ತು ಎಂಬುದಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವ್ವ ಬೇವಿನ ಗಿಡದ ಮೂಡಲಿಗೆ ಎಂದಳು, ಅಪ್ಪ ಆಗ ಬೇವಿನ ಗಿಡವೇ ಇರಲಿಲ್ಲ ಎಂದ. ಅದು ಕೊನೆಗೂ ತೀರ್ಮಾನವಾಗಲಿಲ್ಲ.

ಆ ದಿನ ಅವರ ಸಂಸಾರವನ್ನು ಬದಲಿಸಿತು ಎಂದು ಹೇಳಿದರೆ ಅದು ಬಣ್ಣ ಹಚ್ಚಿದಂತಾಗುತ್ತದೆ. ಅಪ್ಪನ ಮಾತು ಮೊದಲಿನಷ್ಟೇ ಕಡಿಮೆ ಉಳಿಯಿತು. ಆದರೆ ಆಮೇಲೆ ಅವ್ವ ಅವನ ಮೌನಕ್ಕೆ ಮೊದಲಿನಂತೆ ತಾನೇ ಅರ್ಥ ಕಟ್ಟಿಕೊಳ್ಳುವುದನ್ನು ಬಿಟ್ಟಳು. ಏನು, ಸುಮ್ಮನೆ ಕುಂತೀಯಲ್ಲ ಎಂದು ಕೇಳತೊಡಗಿದಳು. ಕೇಳಿದರೆ ಅವನು ಹೇಳುತ್ತಿದ್ದ. ಹಲವು ಸಲ ಹೇಳಲಿಕ್ಕೆ ಅಂಥದ್ದೇನೂ ಇರುತ್ತಿರಲಿಲ್ಲ, ಮೊಣಕಾಲು ನೋವು ಅಥವಾ ಚಹಾ ಬೇಕು, ಅಷ್ಟೇ.

ತೊಂಬತ್ತರ ದಶಕದಲ್ಲಿ ನನಗೆ ಲಿಂಗಸುಗೂರಿನ ಹತ್ತಿರಕ್ಕೆ ವರ್ಗವಾಯಿತು. ಅಷ್ಟರಲ್ಲಿ ಪಟರಿಯ ಕಾಲುವೆ ಕಡೆಯ ತುದಿಗೆ ಡಾಂಬರು ಬಿದ್ದು ಆಟೋ ಓಡಾಡತೊಡಗಿದ್ದವು. ನಡುಭಾಗ ಒಬ್ಬರನ್ನು ನೋಡಿ ಒಬ್ಬರು ಕೆಡವಿ ಗದ್ದೆಯಾಯಿತು. ಮದುವೆಯಾದ ಮೇಲೆ ಒಮ್ಮೆ ನನ್ನ ಗಂಡನನ್ನು ಕರೆದುಕೊಂಡು ಮಸ್ಕಿ ಕಡೆಯಿಂದ ಗುಡ್ಡಕ್ಕೆ ಹೋಗಿದ್ದೆ. ದಿನ್ನೆ ಸೀಳಿದ ಆ ಜಾಗ ಮಾತ್ರ ಹಾಗೇ ಇತ್ತು, ಬಿಸಿಲಿಗೆ ಕುರಿಗಳು ಒಳಗೆ ಬಂದು ಒತ್ತೊತ್ತಾಗಿ ನಿಂತಿದ್ದವು. ನನ್ನ ಗಂಡ ನೋಡಿ, ಇಲ್ಲಿ ನೋಡಲಿಕ್ಕೆ ಏನಿದೆ ಎಂದು ಕೇಳಿದರು. ಕೂತು ಎಲ್ಲವನ್ನೂ ಹೇಳಿದೆ. ಕುರಿ ಕಾಯುವವನೂ ಹತ್ತಿರ ಬಂದು ಕೋಲಿಗೆ ಗದ್ದ ಊರಿ ಕೇಳಿದ. ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ತಗ್ಗಿತ್ತು. ಅವನು ಕುರಿಗಳನ್ನು ಎಬ್ಬಿಸಿಕೊಂಡು ಇಳಿಜಾರಿನಲ್ಲಿ ಹೊರಟ, ನಾವು ಬಸ್ಸು ಹಿಡಿಯಲು ಮಸ್ಕಿಯ ಕಡೆಗೆ ನಡೆದೆವು.